ಪಣಪುಳಿಗೂ ಮಾತ್ರೆಗೂ ನಡುವಿನ ದಾರಿ

ಮಳೆಗಾಲ ಹಿಡಿಯಿತೆಂದರೆ ವಿರಾಜಪೇಟೆ ಹತ್ತಿರದ ನಮ್ಮ ಅತ್ತೆಯ ಮನೆಯ ಹಿತ್ತಲ ಜಗಲಿಗೆ ಒಂದು ಬುಟ್ಟಿ ಬಂದು ಕೂರುತ್ತದೆ. ಬುಟ್ಟಿಯ ತುಂಬ ಮಾಗಿದ ಪಣಪುಳಿ ಹಣ್ಣು, ಕೆಳಗೊಂದು ಪಾತ್ರೆ. ಹಣ್ಣು ಮೆತ್ತಗಾಗುತ್ತ ಹೋದಂತೆ ರಸ ತೊಟ್ಟಿಕ್ಕಿ ಪಾತ್ರೆಗೆ ಇಳಿಯುತ್ತದೆ. ಅದನ್ನು ಸೋಸಿ, ಒಲೆಯ ಮೇಲಿಟ್ಟು, ಗಂಟೆಗಟ್ಟಲೆ ಕುದಿಸಿ ಬತ್ತಿಸಿದರೆ ಡಾಂಬರಿನಂತೆ ಕಪ್ಪಗಿನ ಕಾಚಂಪುಳಿ. ಬುಟ್ಟಿಗಟ್ಟಲೆ ಹಣ್ಣಿಗೆ ಕೊನೆಗೆ ಸಿಗುವುದು ಒಂದು ಸಣ್ಣ ಸೀಸೆ. ಹಂದಿ ಮಾಂಸದ ಪಂದಿಕರಿ ಇಳಿಸುವ ಹೊತ್ತಿಗೆ ಒಂದೆರಡು ಚಮಚ ಬಿದ್ದರೆ ಹುಳಿಯೂ ಬಂತು, ಬಣ್ಣವೂ ಬಂತು.

ಎರಡು ವರ್ಷದ ಹಿಂದೆ ಅದೇ ಜಗಲಿಗೆ ನನ್ನ ಭಾವಮೈದುನ ಬೆಂಗಳೂರಿನಿಂದ ಇನ್ನೊಂದು ಸೀಸೆ ತಂದ. ಬಿಳಿಯ ಪ್ಲಾಸ್ಟಿಕ್ಕಿನದು, ಒಳಗೆ 60 ಕ್ಯಾಪ್ಸೂಲ್, ಹೊರಗೆ ‘ಗಾರ್ಸೀನಿಯ ಕ್ಯಾಂಬೋಜಿಯ’ ಎಂಬ ಹೆಸರು, ಪುಟ್ಟ ಕುಂಬಳಕಾಯಿಯಂತಹ ಹಣ್ಣಿನ ಚಿತ್ರ. ಹೊಟ್ಟೆ ಮುಂದೆ ಬಂದಿದೆ, ಸಕ್ಕರೆ ಅಂಚಿನಲ್ಲಿದೆ, ಟ್ರೈಗ್ಲಿಸರೈಡ್ ಹೆಚ್ಚಿದೆ ಎಂದು ಯಾವುದೋ ತಪಾಸಣೆಯಲ್ಲಿ ಹೇಳಿದ್ದರಂತೆ. ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ನೋಡಿ, “ಇದು ನಮ್ಮ ಪಣಪುಳಿ ಅಲ್ಲವಾ? ಎಷ್ಟು ಕೊಟ್ಟೆ ಇದಕ್ಕೆ?” ಎಂದರು. ಅವನು ಬೆಲೆ ಹೇಳಿದ. ಅತ್ತೆ ಒಮ್ಮೆ ಬುಟ್ಟಿಯನ್ನೂ ಒಮ್ಮೆ ಮಗನನ್ನೂ ನೋಡಿ ಮಾತಾಡದೆ ಒಳಗೆ ಹೋದರು.

ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನ್ನನ್ನು ಮನೆಯವರು ಇಂತಹ ಪ್ರಶ್ನೆಗಳಿಗೆಂದೇ ಇಟ್ಟುಕೊಂಡಿದ್ದಾರೆ. ಆ ಎರಡು ಸೀಸೆಗಳಲ್ಲಿರುವುದು ಒಂದೇ ವಸ್ತುವೇ? ಅಲ್ಲ. ಗಿಡ ಒಂದು, ಅದರ ಸಾರ ಇನ್ನೊಂದು, ಔಷಧ ಮತ್ತೊಂದು. ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಐದರಲ್ಲಿ ಮೂರು

ಮೊದಲು ಕಾಯಿಲೆಯ ವಿಷಯ. ಮೆಟಬಾಲಿಕ್ ಸಿಂಡ್ರೋಮ್ ಎನ್ನುವುದು ಒಂದು ರೋಗದ ಹೆಸರಲ್ಲ, ಒಟ್ಟಿಗೆ ಓಡಾಡುವ ಐದು ತೊಂದರೆಗಳ ಗುಂಪಿನ ಹೆಸರು. ಸೊಂಟದ ಸುತ್ತಳತೆ ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿರುವುದು ಅಥವಾ ದಾಟಿರುವುದು. ರಕ್ತದೊತ್ತಡ 130/85 ಅಥವಾ ಹೆಚ್ಚು. ಬರಿಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಒಳ್ಳೆಯ ಕೊಲೆಸ್ಟರಾಲ್ ಎಂದು ಕರೆಯುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಇವುಗಳಲ್ಲಿ ಯಾವುದಾದರೂ ಮೂರಿದ್ದರೆ ಈ ಹೆಸರು ಅಂಟುತ್ತದೆ. ನನ್ನ ಭಾವಮೈದುನನಿಗೆ ಮೂರಿತ್ತು. ಇವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಬೇರಿನ ಕೊಂಬೆಗಳು ಎಂದು 1988ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ ವಾದಿಸಿದರು. ಆ ಬೇರು ಇನ್ಸುಲಿನ್‌ಗೆ ದೇಹ ಓಗೊಡದಿರುವುದು.

ಕೊಯ್ಲಿನ ಕಾಲದ ಕಾಫಿ ಕಣವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೂಟೆಗಳು ಬಂದು ಬೀಳುತ್ತವೆ, ಮೇಸ್ತ್ರಿ ಒಂದು ಕೂಗು ಹಾಕಿದರೆ ಆಳುಗಳು ಹೊತ್ತು ಗೋದಾಮಿಗೆ ಸೇರಿಸುತ್ತಾರೆ. ಊಟವಾದ ಮೇಲೆ ರಕ್ತಕ್ಕೆ ಇಳಿಯುವ ಗ್ಲೂಕೋಸ್ ಆ ಮೂಟೆ, ಸ್ನಾಯುಗಳು ಗೋದಾಮು, ಇನ್ಸುಲಿನ್ ಮೇಸ್ತ್ರಿ. ಗೋದಾಮಿನಿಂದ ಸರಕು ಹೊರಗೆ ಹೋಗದೆ ತುಂಬಿಕೊಂಡಿದ್ದರೆ ಮೇಸ್ತ್ರಿ ಎಷ್ಟು ಕೂಗಿದರೂ ಆಳುಗಳು ಅಲುಗುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಿಬ್ಬರು ಮೇಸ್ತ್ರಿಗಳನ್ನು ಕಳುಹಿಸುತ್ತದೆ, ಗದ್ದಲ ಹೆಚ್ಚಾಗುತ್ತದೆ. ಮೂಟೆಗಳು ಸಿಕ್ಕ ಕಡೆಯಲ್ಲೆಲ್ಲ ಬೀಳತೊಡಗುತ್ತವೆ: ಯಕೃತ್ತಿನಲ್ಲಿ ಕೊಬ್ಬಾಗಿ, ಹೊಟ್ಟೆಯ ಸುತ್ತ ಬೊಜ್ಜಾಗಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಆಗಿ. ಇನ್ಸುಲಿನ್ ಗದ್ದಲಕ್ಕೆ ಮೂತ್ರಪಿಂಡವೂ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಗೆ ರಕ್ತದೊತ್ತಡವೂ ಸೇರಿತು. ಇಷ್ಟಾಗುವವರೆಗೆ ಮನುಷ್ಯನಿಗೆ ನೋವಿಲ್ಲ, ಜ್ವರವಿಲ್ಲ. ಪ್ಯಾಂಟು ಬಿಗಿಯಾಗಿದೆ ಎನ್ನುತ್ತಾನೆ, ಅಷ್ಟೇ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 15.3 ಮಂದಿ ಅದರ ಹೊಸ್ತಿಲಿನಲ್ಲಿ, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು. ಕೊಡಗಿನವರು ಇದರಿಂದ ಹೊರತೆಂದು ಹೇಳುವವರನ್ನು ಯಾವುದಾದರೂ ಮದುವೆ ಮನೆಯ ಊಟದ ಸಾಲಿನಲ್ಲಿ ನಿಲ್ಲಿಸಿ ನೋಡಬೇಕು. ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಅಕ್ಕಿರೊಟ್ಟಿ, ಎಲ್ಲವೂ ಅಕ್ಕಿಯೇ. ಏರು ತೋಟದಲ್ಲಿ ದಿನವಿಡೀ ಹತ್ತಿಳಿದವರಿಗೆ ಅಷ್ಟು ಅಕ್ಕಿ ಸಾಲುತ್ತಿರಲಿಲ್ಲ. ಜೀಪಿನಲ್ಲಿ ತೋಟ ನೋಡಿ ಬರುವವರಿಗೆ ಅದೇ ಹೆಚ್ಚಾಗುತ್ತದೆ.

ಗಿಡಮೂಲಿಕೆಗಳ ಸೆಳೆತ ಶುರುವಾಗುವುದು ಇಲ್ಲಿಯೇ. ಐದು ತೊಂದರೆಗೆ ಐದು ಮಾತ್ರೆ ಎಂದರೆ ಯಾರಿಗಾದರೂ ಬೇಸರ. ಒಂದು ಗಿಡದಲ್ಲಿ ನೂರಾರು ರಾಸಾಯನಿಕಗಳಿವೆ, ಒಂದು ಸಕ್ಕರೆಯನ್ನು, ಇನ್ನೊಂದು ಕೊಬ್ಬನ್ನು, ಮತ್ತೊಂದು ಉರಿಯೂತವನ್ನು ನೋಡಿಕೊಂಡೀತು ಎಂಬ ಆಸೆ ಹುಟ್ಟುತ್ತದೆ. ಆ ಆಸೆ ಮೂರ್ಖತನವಲ್ಲ. ಸಂಶೋಧಕರನ್ನು ಈ ಗಿಡಗಳ ಹಿಂದೆ ಓಡಿಸುತ್ತಿರುವುದೂ ಅದೇ.

ಡಿಕಾಕ್ಷನ್ ಎಂಬ ಸಾರ

ಸಾರ ತೆಗೆಯುವುದು ಎಂದರೇನು ಎಂದು ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ, ಪ್ರತಿ ಮನೆಯ ಅಡುಗೆಮನೆಯಲ್ಲಿ ಬೆಳಿಗ್ಗೆ ಅದೇ ನಡೆಯುತ್ತದೆ. ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದರೆ ಇಳಿಯುವ ಡಿಕಾಕ್ಷನ್ ಒಂದು ಸಸ್ಯಸಾರ. ಪುಡಿಯಲ್ಲಿದ್ದುದೆಲ್ಲ ಅದರಲ್ಲಿ ಇರುವುದಿಲ್ಲ. ಬಿಸಿನೀರಿನಲ್ಲಿ ಕರಗುವುದು ಮಾತ್ರ ಇಳಿದಿರುತ್ತದೆ. ಮೊದಲ ಡಿಕಾಕ್ಷನ್ನಿನ ಕಸುವು ಎರಡನೆಯದಕ್ಕಿಲ್ಲ. ಪುಡಿ ನುಣ್ಣಗಿದ್ದರೆ ಒಂದು ರುಚಿ, ಒರಟಾಗಿದ್ದರೆ ಇನ್ನೊಂದು. ಅಂಗಡಿಯವನು ಚಿಕೋರಿ ಬೆರೆಸಿದ್ದರೆ ಮತ್ತೊಂದು. ಅರೇಬಿಕಾ, ರೊಬಸ್ಟಾ ಬದಲಾದರಂತೂ ಎಲ್ಲವೂ ಬದಲಾಯಿತು.

ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ, ಪಾತ್ರೆ ದೊಡ್ಡದು, ಅಷ್ಟೇ. ನೀರಿನ ಬದಲು ಆಲ್ಕೊಹಾಲ್ ಸುರಿದರೆ ಬೇರೆ ವಸ್ತುಗಳು ಇಳಿಯುತ್ತವೆ. ಹೆಕ್ಸೇನ್‌ನಂತಹ ದ್ರಾವಕ ಬಳಸಿದರೆ ಎಣ್ಣೆ, ಮೇಣದಂತಹವು ಇಳಿಯುತ್ತವೆ. ದ್ರಾವಕವನ್ನು ಆವಿಯಾಗಿಸಿದರೆ ಉಳಿಯುವ ಜಿಗುಟು ಅಥವಾ ಪುಡಿಯೇ ಸಾರ. ಹಾಗಾಗಿ ‘ಇಂತಹ ಗಿಡದಿಂದ ಸಕ್ಕರೆ ಇಳಿಯಿತು’ ಎಂಬ ಸುದ್ದಿ ಓದಿದಾಗ ನಾನು ಕೇಳುವ ಮೊದಲ ಪ್ರಶ್ನೆ: ಯಾವ ಭಾಗ, ಯಾವುದರಲ್ಲಿ ತೆಗೆದದ್ದು? ಅಜ್ಜಿ ಮಾಡಿದ ಕಷಾಯ ನೀರಿನದು, ಪ್ರಯೋಗಾಲಯದ ಸಾರ ಮೆಥನಾಲಿನದು ಎಂದಾದರೆ ಅವರಿಬ್ಬರೂ ಒಂದೇ ಗಿಡದಿಂದ ಎರಡು ಬೇರೆ ಬೇರೆ ವಸ್ತುಗಳನ್ನು ಮಾಡಿದ್ದಾರೆ.

ಒಳ್ಳೆಯ ಸಾರವೆಂದರೆ ಪ್ರತಿ ಸಲವೂ ಒಂದೇ ಆಗಿರುವ ಸಾರ. ಅದಕ್ಕಾಗಿ ಗಿಡದ ಒಂದು ಮುಖ್ಯ ರಾಸಾಯನಿಕವನ್ನು ಗುರುತಾಗಿ ಹಿಡಿದು, ಅದು ಇಷ್ಟು ಶೇಕಡಾ ಇರಲೇಬೇಕು ಎಂದು ಅಳೆದು ನೋಡುತ್ತಾರೆ. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ, ನೆರಳಿನ ಗಿಡಕ್ಕೂ ಬಿಸಿಲಿನ ಗಿಡಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಪಣಪುಳಿಯ ಕಥೆ

ಈಗ ಆ ಬಿಳಿ ಸೀಸೆ. ಪಣಪುಳಿಯನ್ನು ಮಲೆನಾಡಿನ ಕಡೆ ಉಪ್ಪಾಗೆ ಎನ್ನುತ್ತಾರೆ, ಕೇರಳದಲ್ಲಿ ಕುಡಂಪುಳಿ. ಕರಾವಳಿಯವರು ಶರಬತ್ತು ಮಾಡುವ ಕೆಂಪು ಪುನರ್ಪುಳಿ ಇದರ ಸೋದರಸಂಬಂಧಿಯೇ ಹೊರತು ಇದಲ್ಲ. ಈ ಹುಳಿಗೆ ಕಾರಣವಾದ ಆಮ್ಲ ಯಾವುದು ಎಂಬ ಬಗ್ಗೆ ಮೊದಲು ತಪ್ಪು ತಿಳಿವಳಿಕೆ ಇತ್ತು. 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಸರಿಯಾಗಿ ಗುರುತಿಸಿದವರು ಲೂಯಿಸ್ ಮತ್ತು ನೀಲಕಂಠನ್. ಕೆಲಸ ನಡೆದದ್ದು ನಮ್ಮ ಪಕ್ಕದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಜಗತ್ತಿನ ಮೂಲೆ ಮೂಲೆಯಲ್ಲಿ ತೂಕ ಇಳಿಸುವ ಕ್ಯಾಪ್ಸೂಲುಗಳಾಗಿ ಮಾರಾಟವಾದ ವಸ್ತುವಿನ ಜಾತಕ ಮೈಸೂರಿನಲ್ಲಿ ಬರೆದದ್ದು ಎಂಬುದನ್ನು ಇಲ್ಲಿ ಹೆಚ್ಚು ಜನ ತಿಳಿದಂತಿಲ್ಲ.

ನಾಲ್ಕು ವರ್ಷದ ನಂತರ, 1969ರಲ್ಲಿ, ಅಮೆರಿಕದಲ್ಲಿ ಜಾನ್ ಲೋವೆನ್‌ಸ್ಟೈನ್ ಅವರ ತಂಡ ಈ ಆಮ್ಲ ಏನು ಮಾಡುತ್ತದೆ ಎಂದು ಕಂಡುಕೊಂಡಿತು. ನಾವು ತಿಂದ ಅನ್ನದಲ್ಲಿ ಹೆಚ್ಚಾದದ್ದು ಜೀವಕೋಶದೊಳಗೆ ಸಿಟ್ರೇಟ್ ಎಂಬ ರೂಪ ತಾಳುತ್ತದೆ. ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಕೊಬ್ಬು ಮತ್ತು ಕೊಲೆಸ್ಟರಾಲ್ ಕಟ್ಟಲು ಬೇಕಾದ ಇಟ್ಟಿಗೆಗಳನ್ನು ಮಾಡುತ್ತದೆ. ಪಣಪುಳಿಯ ಆಮ್ಲ ನೋಡಲು ಸಿಟ್ರೇಟಿನಂತೆಯೇ ಇರುವುದರಿಂದ ಕಿಣ್ವಕ್ಕೆ ಮೋಸವಾಗುತ್ತದೆ; ಅದು ಬಂದು ಕತ್ತರಿಯ ಬಾಯಲ್ಲಿ ಸಿಕ್ಕಿಕೊಂಡು ಕೆಲಸ ನಿಲ್ಲಿಸುತ್ತದೆ. ಅನ್ನ ಕೊಬ್ಬಾಗುವ ದಾರಿಗೇ ಅಡ್ಡಗಟ್ಟೆ! ಇದಕ್ಕಿಂತ ಚೆಂದದ ಕಥೆ ಯಾವ ವ್ಯಾಪಾರಿಗೆ ಬೇಕು? ಇಲಿಗಳ ತೂಕವೂ ಇಳಿಯಿತು.

ಮನುಷ್ಯರ ತೂಕ ಇಳಿಯಲಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 135 ಸ್ಥೂಲಕಾಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಅದೇ ರೂಪದ ಪೊಳ್ಳು ಮಾತ್ರೆ. ಇಬ್ಬರಿಗೂ ಒಂದೇ ಪಥ್ಯ, 12 ವಾರ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. ಕೊನೆಗೆ ಆಮ್ಲ ತಿಂದವರು ಸರಾಸರಿ 3.2 ಕಿಲೋ ಇಳಿದಿದ್ದರು, ಪೊಳ್ಳು ಮಾತ್ರೆಯವರು 4.1 ಕಿಲೋ. ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂತಹದ್ದಲ್ಲ, ಪೊಳ್ಳು ಮಾತ್ರೆ ಗೆದ್ದಿತು ಎನ್ನಲೂ ಆಗುವುದಿಲ್ಲ. ಇಳಿಸಿದ್ದು ಪಥ್ಯ.

ಇಲಿಯಲ್ಲಿ ನಡೆದದ್ದು ಮನುಷ್ಯನಲ್ಲಿ ಏಕೆ ನಡೆಯಲಿಲ್ಲ? ಇಲಿ ತಾನು ತಿಂದ ಪಿಷ್ಟವನ್ನು ಕೊಬ್ಬಾಗಿ ಪರಿವರ್ತಿಸುವುದರಲ್ಲಿ ನಮಗಿಂತ ಬಹಳ ಚುರುಕು. ಸಾಮಾನ್ಯ ಊಟ ಮಾಡುವ ಮನುಷ್ಯನ ಬೊಜ್ಜಿನ ಬಹುಪಾಲು ಊಟದ ಕೊಬ್ಬಿನಿಂದಲೇ ನೇರವಾಗಿ ಬಂದು ಕೂತದ್ದು. ಅನ್ನದಿಂದ ಹೊಸದಾಗಿ ಕಟ್ಟಿದ್ದು ಕಡಿಮೆ. ಹೆಚ್ಚು ಜನ ಓಡಾಡದ ದಾರಿಗೆ ಅಡ್ಡಗಟ್ಟೆ ಹಾಕಿದಂತಾಯಿತು. ಇದರ ಮೇಲೆ ಆ ಆಮ್ಲಕ್ಕೆ ಇನ್ನೊಂದು ಗುಣವಿದೆ. ಬಿಸಿಮಾಡಿ ಇಂಗಿಸಿದರೆ ಅದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಂತೆ ಲ್ಯಾಕ್ಟೋನ್ ಎಂಬ ಉಂಗುರವಾಗುತ್ತದೆ, ಆ ರೂಪಕ್ಕೆ ಕಿಣ್ವವನ್ನು ಹಿಡಿಯುವ ಶಕ್ತಿ ಹೋಗುತ್ತದೆ. ನಮ್ಮ ಅತ್ತೆ ಒಲೆಯ ಮೇಲೆ ಗಂಟೆಗಟ್ಟಲೆ ಮಾಡುವುದು ಇದನ್ನೇ. ಕ್ಯಾಪ್ಸೂಲಿನವರು ಸುಣ್ಣದ ಅಥವಾ ಪೊಟ್ಯಾಸಿಯಂ ಲವಣವಾಗಿಸಿ ಆಮ್ಲವನ್ನು ಉಂಗುರವಾಗದಂತೆ ಕಟ್ಟಿಹಾಕುತ್ತಾರೆ. ಹಾಗಾಗಿ ‘ಪಂದಿಕರಿಯ ಕೊಬ್ಬನ್ನು ಕಾಚಂಪುಳಿ ಕರಗಿಸುತ್ತದೆ’ ಎಂದು ಊಟಕ್ಕೆ ಕೂತಾಗ ಯಾರಾದರೂ ಹೇಳಿದರೆ, ರುಚಿಯ ಬಗ್ಗೆ ಮಾತ್ರ ತಲೆಯಾಡಿಸಿ.

ಪ್ರಯೋಜನವಿಲ್ಲದಿದ್ದರೆ ಹೋಗಲಿ, ತೊಂದರೆಯಿಲ್ಲವಲ್ಲ ಎನ್ನುವಂತೆಯೂ ಇಲ್ಲ. ಗಾರ್ಸೀನಿಯ ಇರುವ ಕ್ಯಾಪ್ಸೂಲ್ ತೆಗೆದುಕೊಂಡ ಕೆಲವರಿಗೆ ಯಕೃತ್ತಿನ ಉರಿಯೂತವಾಗಿ ಕಾಮಾಲೆ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ, ಯಕೃತ್ತಿನ ಕಸಿಯವರೆಗೆ ಹೋದದ್ದೂ ಇದೆ. ಅಮೆರಿಕದಲ್ಲಿ ಇಂತಹ ಪ್ರಕರಣಗಳನ್ನು ಬೆನ್ನುಹತ್ತಿದ ಸಂಶೋಧಕರಿಗೆ ಒಂದು ನಿರ್ದಿಷ್ಟ ಜೀನ್ ರೂಪ ಇರುವವರಲ್ಲೇ ಇದು ಹೆಚ್ಚು ಎಂದು ಕಂಡುಬಂತು. ಕುತೂಹಲದ ಸಂಗತಿ, ಹಸಿರು ಚಹಾದ ಸಾರದಿಂದಲೂ ಅರಿಶಿನದ ಸಾರದಿಂದಲೂ ಯಕೃತ್ತು ಕೆಟ್ಟವರಲ್ಲಿ ಎದ್ದು ಕಂಡದ್ದೂ ಅದೇ ಜೀನ್ ರೂಪ. ಚಹಾ ಕುಡಿದು, ಸಾರಿಗೆ ಅರಿಶಿನ ಹಾಕಿ ಯಾರೂ ಆಸ್ಪತ್ರೆ ಸೇರುವುದಿಲ್ಲ. ಸಾರವಾಗಿ ಗಟ್ಟಿಗೊಂಡಾಗ ಮಾತೇ ಬೇರೆ.

ಈ ಕಥೆಗೆ ಒಂದು ಬಾಲವಿದೆ, ಅದು ನನಗೆ ಬಹಳ ಇಷ್ಟ. ಆ ಕಿಣ್ವ ನಿಜಕ್ಕೂ ಒಳ್ಳೆಯ ಗುರಿಯಾಗಿತ್ತು, ಹೋಗಿ ಬಿದ್ದ ಬಾಣ ಸರಿಯಿರಲಿಲ್ಲ. ಬೆಂಪೆಡೋಯಿಕ್ ಆಮ್ಲ ಎಂಬ ಔಷಧ ಅದೇ ಎಟಿಪಿ ಸಿಟ್ರೇಟ್ ಲೈಯೇಸನ್ನು ತಡೆಯುತ್ತದೆ. ಅದು ಪಣಪುಳಿಯಿಂದ ಹುಟ್ಟಿದ್ದಲ್ಲ, ಪ್ರಯೋಗಾಲಯದಲ್ಲಿ ಕಟ್ಟಿದ ಬೇರೆಯೇ ಅಣು. ಯಕೃತ್ತಿಗೆ ಹೋದ ಮೇಲೆ ಮಾತ್ರ ಅದಕ್ಕೆ ಜೀವ ಬರುತ್ತದೆ, ಸ್ನಾಯುಗಳಲ್ಲಿ ಸುಮ್ಮನಿರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಕೊಲೆಸ್ಟರಾಲ್ ಇಳಿಸಲು ಅದಕ್ಕೆ ಅನುಮತಿ ದೊರೆಯಿತು. 2023ರಲ್ಲಿ ಹೊರಬಂದ, 13,970 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ಅವಘಡಗಳು ಶೇ 13ರಷ್ಟು ಕಡಿಮೆಯಾದವು. ತೂಕವನ್ನಲ್ಲ, ಕೊಲೆಸ್ಟರಾಲನ್ನು ಕೇಳಬೇಕಾಗಿತ್ತು ಎಂದು ತಿಳಿಯಲು ಅಷ್ಟು ವರ್ಷ ಹಿಡಿಯಿತು.

ಬೇರೆ ಗಿಡಗಳು ಈ ದಾರಿಯನ್ನು ಪೂರ್ತಿ ನಡೆದಿವೆ. ಮಧುಮೇಹಕ್ಕೆ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್‌ನ ಮೂಲ ಯುರೋಪಿನ ಗಲೇಗ ಎಂಬ ಅವರೆ ಜಾತಿಯ ಗಿಡ. ಆ ಗಿಡವನ್ನೇ ತಿಂದರೆ ಕುರಿಗಳು ಸಾಯುತ್ತವೆ. ಅದರ ರಾಸಾಯನಿಕವನ್ನು ತಿದ್ದಿ, ವಿಷ ತೆಗೆದು ಮಾಡಿದ ಸೋದರ ಅಣುವನ್ನು ಮಧುಮೇಹಿಗಳಿಗೆ ಕೊಟ್ಟು ಫ್ರಾನ್ಸಿನ ಜೀನ್ ಸ್ಟರ್ನ್ ವರದಿ ಮಾಡಿದ್ದು 1957ರಲ್ಲಿ. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಆದರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು, ಭೇದಿಯೂ ಆಗುತ್ತಿತ್ತು. ಅದರ ಅಚ್ಚನ್ನಿಟ್ಟುಕೊಂಡು ತಿದ್ದಿ ತಿದ್ದಿ ಮಾಡಿದ್ದೇ ಈಗ ಔಷಧದಂಗಡಿಯಲ್ಲಿ ಸಿಗುವ ಡಾಪಾಗ್ಲಿಫ್ಲೋಜಿನ್ ಮುಂತಾದವು. ತೊಗಟೆಯಿಂದ ಮಾತ್ರೆಗೆ ಬರಲು ಒಂದೂಮುಕ್ಕಾಲು ಶತಮಾನ!

ಕಾಳುಮೆಣಸು, ಕಾಫಿ, ಕಹಿ ಎಲೆ

ನಮ್ಮ ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿರುವ ಕಾಳುಮೆಣಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅರಿಶಿನದ ಕರ್ಕ್ಯುಮಿನ್ ತಿಂದರೂ ರಕ್ತಕ್ಕೆ ಸೇರುವುದು ಅತ್ಯಲ್ಪ, ಯಕೃತ್ತು ಅದನ್ನು ಕೂಡಲೇ ಹೊರದೂಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಖಾರದ ವಸ್ತು ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ದಷ್ಟು ಹೆಚ್ಚಿತು. ಈ ಅಂಕಿ ಈಗ ಪ್ರತಿ ಅರಿಶಿನ ಕ್ಯಾಪ್ಸೂಲಿನ ಜಾಹೀರಾತಿನಲ್ಲಿದೆ. ನಾನು ಇದನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸಿ ನೋಡಿದೆ. ಮೆಣಸಿನಲ್ಲಿ ಶೇ 5ರಷ್ಟು ಪೈಪರಿನ್ ಎಂದು ಹಿಡಿದರೆ 20 ಮಿಲಿಗ್ರಾಂಗೆ ಅರ್ಧ ಗ್ರಾಂ ಕಾಳೂ ಬೇಡ. ಅರಿಶಿನದಲ್ಲಿ ಶೇ 3ರಷ್ಟು ಕರ್ಕ್ಯುಮಿನ್ ಎಂದರೆ 2 ಗ್ರಾಂಗೆ 65 ಗ್ರಾಂಗೂ ಹೆಚ್ಚು ಅರಿಶಿನ ಪುಡಿ ಬೇಕು. ಮೆಣಸು ನಮ್ಮ ಒಂದು ಹೊತ್ತಿನ ಸಾರಿನಲ್ಲೇ ಸಿಗುತ್ತದೆ. ಅರಿಶಿನಕ್ಕೆ ಮದುವೆ ಶಾಸ್ತ್ರವೇ ಆಗಬೇಕು.

ಜಾಹೀರಾತಿನಲ್ಲಿ ಇಲ್ಲದ ಮಾತು ಬೇರೆ ಇದೆ. ಪೈಪರಿನ್ ಯಕೃತ್ತಿನ ಬಾಗಿಲು ಕಾಯುವ ಕಿಣ್ವಗಳನ್ನು ಮಂಕುಮಾಡುತ್ತದೆ. ಆಗ ಒಳಗೆ ನುಗ್ಗುವುದು ಅರಿಶಿನ ಒಂದೇ ಅಲ್ಲ. ಫಿಟ್ಸಿಗೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಇವುಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ ಎಂದು ತೋರಿಸಿದ್ದಾರೆ. ಮೆಟಬಾಲಿಕ್ ಸಿಂಡ್ರೋಮ್ ಇರುವವರು ಹೇಗೂ ಒಂದೆರಡು ಮಾತ್ರೆ ನುಂಗುತ್ತಿರುತ್ತಾರೆ. ಅವರೇ ಈ ಕ್ಯಾಪ್ಸೂಲುಗಳ ಮುಖ್ಯ ಗಿರಾಕಿಗಳೂ ಹೌದು.

ಕಾಫಿಯ ವಿಷಯದಲ್ಲಿ ನಾವು ಹೆಮ್ಮೆಪಡಲೂ ಬಹುದು, ತಲೆ ತಗ್ಗಿಸಲೂ ಬಹುದು. ಹೆಮ್ಮೆ ಏನೆಂದರೆ, 2002ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ 17,111 ಮಂದಿಯ ಅಧ್ಯಯನದಲ್ಲಿ ದಿನಕ್ಕೆ ಏಳು ಕಪ್ ಅಥವಾ ಹೆಚ್ಚು ಕುಡಿಯುವವರಿಗೆ ಎರಡು ಕಪ್‌ನೊಳಗೆ ನಿಲ್ಲಿಸುವವರಿಗಿಂತ ಮಧುಮೇಹದ ಸಾಧ್ಯತೆ ಅರ್ಧದಷ್ಟಿತ್ತು. ಆಮೇಲೆ ಬಂದ ಅನೇಕ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿವೆ. ಕಾಫಿಯೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಕಾಫಿ ಕುಡಿಯುವವರ ಬದುಕಿನ ಬೇರೇನೋ ಕಾರಣವಿರಬಹುದು. ಆದರೂ ಕಾಫಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲದ ಮೇಲೆ ಸಂಶಯದ ಬೆರಳು ಒಳ್ಳೆಯ ಅರ್ಥದಲ್ಲಿ ಚಾಚಿದೆ. ನಮ್ಮ ರೊಬಸ್ಟಾದಲ್ಲಿ ಅದು ಅರೇಬಿಕಾಗಿಂತ ಹೆಚ್ಚು. ಹುರಿದಷ್ಟೂ ಕಡಿಮೆಯಾಗುತ್ತದೆ.

ಹಾಗಾದರೆ ಹುರಿಯದ ಹಸಿರು ಬೀಜದ ಸಾರ ತೆಗೆದರೆ? ತೆಗೆದರು. 2012ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು: 16 ಮಂದಿ, 22 ವಾರ, ಸರಾಸರಿ 8 ಕಿಲೋ ಇಳಿಕೆ. ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಅಮೆರಿಕದ ಟಿವಿಯಲ್ಲಿ ಹೊಗಳಿಕೆಯ ಸುರಿಮಳೆಯಾಯಿತು, ಕ್ಯಾಪ್ಸೂಲುಗಳು ಬಿಸಿ ಜಿಲೇಬಿಯಂತೆ ಖರ್ಚಾದವು. 2014ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ತನಿಖೆ ಮಾಡಿ, ಭಾಗವಹಿಸಿದವರ ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಲಾಗಿದೆ ಎಂದು ಆರೋಪಿಸಿತು. ಪ್ರಯೋಗಕ್ಕೆ ಹಣ ಹಾಕಿದ್ದ ಕಂಪನಿ 35 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು, ಲೇಖಕರು ಲೇಖನವನ್ನು ಹಿಂತೆಗೆದುಕೊಂಡರು. ಕಾಫಿ ಬೀಜದ ತಪ್ಪೇನೂ ಇಲ್ಲ. ಹಿಂತೆಗೆದುಕೊಂಡ ಆ ಪ್ರಯೋಗದ ಸುದ್ದಿ ಇಂದಿಗೂ ವಾಟ್ಸ್‌ಆಪ್‌ನಲ್ಲಿ ನನಗೆ ವರ್ಷಕ್ಕೊಮ್ಮೆಯಾದರೂ ಬರುತ್ತದೆ.

ಮಧುನಾಶಿನಿಯನ್ನು ಓದುಗರೇ ಪರೀಕ್ಷಿಸಬಹುದು. ಎಲೆಯನ್ನು ಚೆನ್ನಾಗಿ ಜಗಿದು ಉಗಿದು, ಬಾಯಿ ಮುಕ್ಕಳಿಸಿ ಸಕ್ಕರೆ ಹಾಕಿಕೊಳ್ಳಿ: ಮರಳು ಅಗಿದಂತಿರುತ್ತದೆ. ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಗ್ರಾಹಿಗಳಿಗೆ ಅಂಟಿಕೊಂಡು ಅರ್ಧ ಗಂಟೆ ಅಥವಾ ಇನ್ನೂ ಸ್ವಲ್ಪ ಹೊತ್ತು ಸಿಹಿಯನ್ನು ಮರೆಸುತ್ತವೆ. ನಾಲಿಗೆಯ ಮೇಲೆ ಇಷ್ಟು ಕಣ್ಣಿಗೆ ಕಟ್ಟುವಂತೆ ಕೆಲಸ ಮಾಡುವ ಎಲೆ ರಕ್ತದಲ್ಲೂ ಹಾಗೆಯೇ ಮಾಡುತ್ತದೆ ಎಂದು ನಂಬುವುದು ಸಹಜ. 1990ರಲ್ಲಿ ಮದ್ರಾಸಿನ ಸಂಶೋಧಕರು 22 ಮಧುಮೇಹಿಗಳಿಗೆ ಮಾತ್ರೆಗಳ ಜೊತೆಗೆ ದಿನಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟು ಒಂದೂವರೆ ವರ್ಷಕ್ಕೂ ಹೆಚ್ಚು ಗಮನಿಸಿದರು. ಸಕ್ಕರೆ ಇಳಿಯಿತು, ಐವರು ಮಾತ್ರೆ ಬಿಡುವಂತಾಯಿತು. ಆದರೆ ಪೊಳ್ಳು ಮಾತ್ರೆಯ ಗುಂಪು ಅಲ್ಲಿರಲಿಲ್ಲ. ಪಣಪುಳಿಯ ಪ್ರಯೋಗದಲ್ಲಿ ಆ ಗುಂಪು ಇಲ್ಲದೆ ಹೋಗಿದ್ದರೆ 3.2 ಕಿಲೋ ಇಳಿಸಿದ ಕೀರ್ತಿ ಯಾರಿಗೆ ಹೋಗುತ್ತಿತ್ತು ಎಂದು ಯೋಚಿಸಿ.

ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಹೆಚ್ಚು ಭರವಸೆ ಹುಟ್ಟಿಸುವುದು ಬರ್ಬರಿನ್ ಎಂಬ ವಸ್ತು. ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿಯನ್ನು ಕತ್ತರಿಸಿದರೆ ಕಾಣುವ ಹಳದಿ ಅದರದೇ. 2008ರಲ್ಲಿ ಚೀನಾದಲ್ಲಿ ಹೊಸದಾಗಿ ಮಧುಮೇಹ ಪತ್ತೆಯಾದ 36 ಮಂದಿಯಲ್ಲಿ ಮೆಟ್‌ಫಾರ್ಮಿನ್ ಎದುರು ಹೋಲಿಸಿ ನೋಡಿದಾಗ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಸರಿಸಮ ನಿಂತಿತು, ಟ್ರೈಗ್ಲಿಸರೈಡೂ ಇಳಿಯಿತು. ಗುಂಪು ಸಣ್ಣದು, ಅವಧಿ ಸಣ್ಣದು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಅದು ಸಲ್ಲದು. ಇನ್ನೊಂದು ಸಂಕಟವೆಂದರೆ ಮರದರಿಶಿನ ಬೆಳೆಯುವುದು ಬಲು ನಿಧಾನ, ಕಾಡಿನಿಂದ ಕಡಿದು ಕಡಿದು ಅಳಿವಿನಂಚಿಗೆ ಬಂದಿದೆ. ಬರ್ಬರಿನ್ ಬೇರೆ ಗಿಡಗಳಿಂದಲೂ ಸಿಗುತ್ತದೆ; ಬಳ್ಳಿ ಅಳಿದರೆ ಮತ್ತೆ ಸಿಗುವುದಿಲ್ಲ.

ಮದ್ದು ತೊಪ್ಪಿನ ಲೆಕ್ಕ

ಕೊಡಗಿನವನಾಗಿ ಮದ್ದು ತೊಪ್ಪಿನ ಬಗ್ಗೆ ಬರೆಯದೆ ಇದನ್ನು ಮುಗಿಸಿದರೆ ಮನೆಗೆ ಹೋಗುವಂತಿಲ್ಲ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಈ ಸೊಪ್ಪನ್ನು ಕುದಿಸಿ ಬರುವ ನೇರಳೆ ರಸದಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಸೇರಿಸಿ ಪಾಯಸ ಮಾಡುತ್ತೇವೆ. ಆ ದಿನಕ್ಕೆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಎಂದು ಸಮಾಧಾನ. ಗಿಡದ ಶಾಸ್ತ್ರೀಯ ಹೆಸರು ಜಸ್ಟಿಸಿಯ ವೈನಾಡೆನ್ಸಿಸ್, ನಮ್ಮ ಕೆಮ್ಮಿನ ಕಷಾಯದ ಆಡುಸೋಗೆಯ ವಂಶದ್ದು, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಡೆ ಬೆಳೆಯದು. ಮೂತ್ರ ಕೆಂಪಾಗುವುದು ಬಣ್ಣದ ವಸ್ತು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಹೋಗಿ ಹೊರಬಿತ್ತು ಎಂಬುದಕ್ಕೆ ಸಾಕ್ಷಿ. ರಕ್ತಕ್ಕೆ ಸೇರಿತು ಎಂಬಷ್ಟು ನಿಜ. ಅಲ್ಲಿ ಏನು ಮಾಡಿತು ಎಂಬುದಕ್ಕೆ ಮೂತ್ರ ಸಾಕ್ಷಿ ಹೇಳುವುದಿಲ್ಲ.

ಇಂತಹ ಸೊಪ್ಪುಗಳ ಮೇಲಿನ ಸಂಶೋಧನೆ ಹೆಚ್ಚಾಗಿ ಗಾಜಿನ ನಳಿಕೆಯಲ್ಲಿ, ಆಮೇಲೆ ಇಲಿಯಲ್ಲಿ ನಡೆಯುತ್ತದೆ. ಇಲಿಯಿಂದ ಮನುಷ್ಯನಿಗೆ ಬರುವ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಯಾವುದೋ ಎಲೆಯ ಸಾರ ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಕೊಟ್ಟಾಗ ಸಕ್ಕರೆ ಇಳಿಯಿತು ಎಂದುಕೊಳ್ಳಿ. ಮೈಯ ಹೊರಮೈ ವಿಸ್ತಾರಕ್ಕೆ ಹೊಂದಿಸಲು ಅದನ್ನು 6.2ರಿಂದ ಭಾಗಿಸುತ್ತಾರೆ, ಸುಮಾರು 65 ಆಯಿತು. 70 ಕಿಲೋ ಮನುಷ್ಯನಿಗೆ ದಿನಕ್ಕೆ ನಾಲ್ಕೂವರೆ ಗ್ರಾಂ ಸಾರ. ಹತ್ತು ಗ್ರಾಂ ಒಣ ಎಲೆಗೆ ಒಂದು ಗ್ರಾಂ ಸಾರ ಸಿಕ್ಕರೆ 45 ಗ್ರಾಂ ಒಣ ಎಲೆ. ಹಸಿ ಎಲೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಹಾಗಾಗಿ 225 ಗ್ರಾಂ ಹಸಿ ಸೊಪ್ಪು. ದಿನವೂ. ನಾವು ತಿನ್ನುವುದು ವರ್ಷಕ್ಕೊಂದು ದಿನ.

ಇಲಿಯ ವಿಷಯದಲ್ಲಿ ಇನ್ನೊಂದು ಮಸಲತ್ತು ಇದೆ. ಅನೇಕ ಪ್ರಯೋಗಗಳಲ್ಲಿ ಸ್ಟ್ರೆಪ್ಟೋಜೋಟೋಸಿನ್ ಎಂಬ ವಿಷ ಚುಚ್ಚಿ ಇಲಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ಕೊಂದು ಮಧುಮೇಹ ಬರಿಸುತ್ತಾರೆ. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ ಮೇಸ್ತ್ರಿಯನ್ನೇ ಕೊಂದಂತೆ. ಮೆಟಬಾಲಿಕ್ ಸಿಂಡ್ರೋಮಿನಲ್ಲಿ ಮೇಸ್ತ್ರಿಗಳು ಬೇಕಾದಷ್ಟಿದ್ದಾರೆ, ಕೇಳುವವರಿಲ್ಲ. ಕೊಬ್ಬು ಅಥವಾ ಫ್ರಕ್ಟೋಸ್ ತಿನ್ನಿಸಿ ತಿಂಗಳುಗಟ್ಟಲೆ ಬೊಜ್ಜು ಬೆಳೆಸಿದ ಇಲಿಯಲ್ಲಿ ನೋಡಿದ್ದಾದರೆ ಆ ಲೇಖನವನ್ನು ನಾನು ಪೂರ್ತಿ ಓದುತ್ತೇನೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಧುಮೇಹ, ಬೊಜ್ಜು, ರಕ್ತದೊತ್ತಡ ವಾಸಿಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಇಂತಹ ಕ್ಯಾಪ್ಸೂಲುಗಳಲ್ಲಿ ಬಹಳಷ್ಟು ಆಹಾರದ ಹೆಸರಿನಲ್ಲಿ ಬರುತ್ತವೆ. ‘ಔಷಧವಾಗಿ ಬಳಸುವುದಕ್ಕಲ್ಲ’ ಎಂದು ಅವುಗಳ ಚೀಟಿಯಲ್ಲಿ ಮುದ್ರಿಸಲೇಬೇಕು. ಭಾವಮೈದುನನ ಸೀಸೆಯನ್ನು ತಿರುಗಿಸಿ ನೋಡಿದೆ. ಇತ್ತು, ಭೂತಗನ್ನಡಿ ಹಿಡಿದರೆ ಕಾಣುವಷ್ಟು.

ಅವನು ಆ ಸೀಸೆಯನ್ನು ಅರ್ಧಕ್ಕೆ ಬಿಟ್ಟ, ನನ್ನ ಮಾತಿನಿಂದಲ್ಲ, ಹೊಟ್ಟೆ ಕೆಟ್ಟಿದ್ದರಿಂದ. ವೈದ್ಯರು ಮೆಟ್‌ಫಾರ್ಮಿನ್ ಬರೆದುಕೊಟ್ಟರು, ಬೆಳಿಗ್ಗೆ ತೋಟದ ಏರಿ ಹತ್ತಿಳಿಯಲು ಹೇಳಿದರು. ಮಾತ್ರೆಯ ಹಿಂದೊಂದು ಗಿಡವಿದೆ ಎಂದು ನಾನು ಹೇಳಿದ ಮೇಲೆ ಅದನ್ನು ಸ್ವಲ್ಪ ಗೌರವದಿಂದ ನುಂಗುತ್ತಾನೆ. ಕಳೆದ ಕಕ್ಕಡ ಹದಿನೆಂಟರಂದು ಅತ್ತೆ ಮದ್ದು ಪಾಯಸವನ್ನು ತಟ್ಟೆ ತುಂಬ ಬಡಿಸಿ ಮೇಲೆ ಜೇನು ಸುರಿದರು. “ಮದ್ದು, ತಿನ್ನಿ, ಏನೂ ಆಗುವುದಿಲ್ಲ” ಎಂದರು. ಇಬ್ಬರೂ ತಿಂದೆವು. ಎರಡು ಗಂಟೆ ಬಿಟ್ಟು ಅವನು ಗ್ಲೂಕೋಮೀಟರ್ ತಂದು ಬೆರಳು ಚುಚ್ಚಿಕೊಂಡ, ಇನ್ನೂರು ದಾಟಿತ್ತು. ಮರುದಿನ ಬೆಳಿಗ್ಗೆ ಇಬ್ಬರಿಗೂ ಮೂತ್ರ ಒಳ್ಳೆಯ ಕೆಂಪು.